ಕಾಟಾ ಇಲ್ಲದ ಕಾರ್ಖಾನೆಯ ತೂಕ

ಮತ್ತೊಂದು ಕಂಪನಿ ತನ್ನ ಕೃತಕ ಬುದ್ಧಿಮತ್ತೆಯ ಮಾದರಿಯನ್ನು ‘ಓಪನ್ ಸೋರ್ಸ್’, ಅಂದರೆ ಯಾರು ಬೇಕಾದರೂ ಬಿಚ್ಚಿ ನೋಡಿ, ತಿದ್ದಿ, ಹಂಚಬಹುದಾದದ್ದು ಎಂದು ಲೋಕಾರ್ಪಣೆ ಮಾಡಿದೆಯಂತೆ. ಕಳೆದ ಮೂರು ವರ್ಷಗಳಲ್ಲಿ ಇಂಥ ಲೋಕಾರ್ಪಣೆಗಳು ಎಷ್ಟು ನಡೆದಿವೆಯೆಂದರೆ, ನಮ್ಮ ಮುಧೋಳ ಸೀಮೆಯಲ್ಲಿ ಒಂದೇ ರಸ್ತೆಗೆ ನಡೆದ ಭೂಮಿಪೂಜೆಗಳೂ ಅಷ್ಟಿರಲಾರವು. ಪತ್ರಿಕೆಗಳು ಎಂದಿನಂತೆ ‘ಮುಕ್ತ’, ‘ಉಚಿತ’, ‘ಎಲ್ಲರಿಗೂ’ ಎಂಬ ಮೂರು ಪದಗಳನ್ನು ಒಂದೇ ಸಾಲಿನಲ್ಲಿ ಕೂರಿಸಿ ಕೈತೊಳೆದುಕೊಂಡಿವೆ. ನಾನೂ ಓದಿ ಮಡಚಿಟ್ಟುಬಿಡುತ್ತಿದ್ದೆ. ಅಷ್ಟರಲ್ಲಿ ತಂಗಿಯ ಮಗ ಬಂದ.

ಈ ಅಳಿಯ ಎಂಜಿನಿಯರಿಂಗ್ ಮುಗಿಸಿಯೂ ಬೆಂಗಳೂರಿನ ಬಸ್ಸು ಹತ್ತದೆ ಊರಲ್ಲೇ ಉಳಿದ ಅಪರೂಪದ ಹುಡುಗ. ಕಟಾವಿನ ಸರದಿ ಯಾವಾಗ ಬರುತ್ತದೆ, ಗ್ಯಾಂಗಿಗೆ ಎಷ್ಟು ಮುಂಗಡ ಕೊಡಬೇಕು, ಹೋದ ಹಂಗಾಮಿನ ಬಾಕಿ ಬಿಲ್ಲಿಗೆ ಯಾರ ಬಾಗಿಲು ಬಡಿಯಬೇಕು ಎಂಬಂಥ ಕಬ್ಬು ಬೆಳೆಗಾರರ ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರ ಹೇಳುವ ಮೊಬೈಲ್ ಆ್ಯಪ್ ಒಂದನ್ನು ಕಟ್ಟುತ್ತಿದ್ದಾನೆ. ನಾನು ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಕಾಗದ ಓದುವುದೊಂದೇ ನನಗೆ ಬರುವ ವಿದ್ಯೆ. “ಮಾಮಾ, ಇದು ಪೂರಾ ಓಪನ್ ಐತಿ, ಆದ್ರೂ ನೀವೊಮ್ಮೆ ಕಣ್ಣಾಡಿಸಿ ಕೊಡ್ರಿ” ಎನ್ನುತ್ತ, ಆ್ಯಪ್‌ನ ಒಳಗೆ ಕೂರಿಸಿದ ಮಾದರಿಯ ಪರವಾನಗಿಯ ಝೆರಾಕ್ಸ್ ಪ್ರತಿಯನ್ನು ಮುಂದಿಟ್ಟ. ಪೂರಾ ತೆರೆದ ಬಾಗಿಲಿಗೆ ಇಷ್ಟೊಂದು ಕೀಲಿಕೈಗಳೇಕೆ ಎಂಬ ಅನುಮಾನ ನನಗೆ ಪುಟ ಎಣಿಸುವಾಗಲೇ ಬಂದಿತ್ತು.

ಓದಿದೆ, ಓದಿ ಫೇಸ್‌ಬುಕ್‌ನ ಒಡೆಯ ಮೆಟಾ ಕಂಪನಿಯ ಔದಾರ್ಯಕ್ಕೆ ತಲೆಬಾಗಿದೆ. ಅದರ ಲಾಮಾ ಎಂಬ ಮಾದರಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು, ಅದರಿಂದ ವ್ಯಾಪಾರವನ್ನೂ ಮಾಡಬಹುದು. ಆದರೆ ಮಾದರಿ ಬಿಡುಗಡೆಯಾಗುವ ಹೊತ್ತಿಗೆ ನಿಮಗೆ ತಿಂಗಳಿಗೆ 70 ಕೋಟಿಗಿಂತ ಹೆಚ್ಚು ಬಳಕೆದಾರರಿದ್ದರೆ ಮಾತ್ರ ಕಂಪನಿಯ ಬಳಿ ಹೋಗಿ ಬೇರೆ ಅಪ್ಪಣೆ ಬೇಡಬೇಕು. 2023ರ ಜುಲೈನಲ್ಲಿ ಲಾಮಾ 2 ಬಂದಂದಿನಿಂದ ಈ ಷರತ್ತು ಇದೆ. 2011ರ ಜನಗಣತಿಯಂತೆ ನಮ್ಮ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ 18 ಲಕ್ಷ 90 ಸಾವಿರದಷ್ಟು. ಅಂದರೆ ಇಂಥ 370 ಜಿಲ್ಲೆಗಳ ಹಸುಗೂಸುಗಳೂ ಸೇರಿ ಎಲ್ಲರೂ ಆ್ಯಪ್ ತೆರೆದಾಗ ಅಳಿಯನಿಗೆ ತೊಂದರೆ ಶುರುವಾಗುತ್ತದೆ. ಸದ್ಯಕ್ಕೆ ಅವನ ಬಳಕೆದಾರರು 46 ಮಂದಿ, ಅವರಲ್ಲಿ ನಾವು ಮನೆಯವರೇ ಆರು ಜನ. ಷರತ್ತು ಬರೆದದ್ದು ಅವನಿಗಾಗಿ ಅಲ್ಲ ಬಿಡಿ. ಊರಿಗೆಲ್ಲ ಡಂಗುರ ಸಾರಿ ಊಟಕ್ಕೆ ಕರೆದು, ಎದುರು ಓಣಿಯ ನಾಲ್ಕು ಗೌಡರ ಮನೆಗಳಿಗೆ ಮಾತ್ರ ಎಲೆ ಹಾಕದಿರುವ ಮದುವೆ ಇದು. 2024ರ ಸೆಪ್ಟೆಂಬರಿನಲ್ಲಿ ಚಿತ್ರಗಳನ್ನೂ ಅರಿಯಬಲ್ಲ ಲಾಮಾ ಬಂದಾಗ ಯುರೋಪ್ ಒಕ್ಕೂಟದವರಿಗೆ ಈ ಪರವಾನಗಿ ಅನ್ವಯಿಸದು ಎಂದು ಇನ್ನೊಂದು ಸಾಲು ಸೇರಿತು. ಪಂಕ್ತಿಭೇದ ಹೋಯಿತೆಂದು ನಾವು ಸುಮ್ಮನೆ ಸಂತೋಷಪಟ್ಟಿದ್ದೆವು.

ನನ್ನ ತಾಯಿಯವರಿಗೆ ಇದರಲ್ಲಿ ಅರ್ಥವಾದದ್ದು ‘ಲಾಮಾ’ ಎಂಬ ಹೆಸರೊಂದೇ. “ಮುಂಡಗೋಡದವರೇನು?” ಎಂದು ಕೇಳಿದರು, ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವ ಟಿಬೆಟಿನವರು ಅವರ ಕಣ್ಣಮುಂದೆ ಇದ್ದರು. ಅಲ್ಲವ್ವಾ, ಅದು ದಕ್ಷಿಣ ಅಮೆರಿಕದ ಒಂದು ಪ್ರಾಣಿ ಎಂದೆ. ಹೆಸರಿನ ವಿಷಯಕ್ಕೂ ಪರವಾನಗಿಯಲ್ಲಿ ಒಂದು ಕಲಮು ಇದೆ. ಮೊದಮೊದಲು ಲಾಮಾದ ಉತ್ತರಗಳನ್ನು ಬಳಸಿ ಬೇರೆ ಭಾಷಾ ಮಾದರಿಯನ್ನು ಸುಧಾರಿಸಲೇಬಾರದು ಎಂದಿತ್ತು. 2024ರ ಜುಲೈನ ಲಾಮಾ 3.1ರಲ್ಲಿ ಕಂಪನಿಯ ಮನಸ್ಸು ಕರಗಿ, ಸುಧಾರಿಸಿಕೊಳ್ಳಿ, ಆದರೆ ಹುಟ್ಟುವ ಮಾದರಿಯ ಹೆಸರು ‘ಲಾಮಾ’ ಎಂದೇ ಆರಂಭವಾಗಬೇಕು, ‘ಬಿಲ್ಟ್ ವಿತ್ ಲಾಮಾ’ ಎಂಬ ಫಲಕವನ್ನು ಎದ್ದು ಕಾಣುವಂತೆ ತೂಗಬೇಕು ಎಂದಾಯಿತು. ನಮ್ಮ ಭಾಗದಲ್ಲಿ ಮಾರಿದ ಸರಕೇ ಅಡ್ಡಹೆಸರಾಗುವುದು ಹೊಸದಲ್ಲ. ಮೆಣಸಿನಕಾಯಿಯವರಿದ್ದಾರೆ, ಉಳ್ಳಾಗಡ್ಡಿಯವರಿದ್ದಾರೆ, ಬೆಲ್ಲದವರಿದ್ದಾರೆ. ಆದರೆ ಬೆಲ್ಲ ಮಾರಿದವರಿಗೆ ಬೆಲ್ಲದ ಎಂಬ ಹೆಸರು ಬಂತೇ ಹೊರತು, ಬೆಲ್ಲ ತಿಂದವರೆಲ್ಲ ತಮ್ಮ ಮಕ್ಕಳಿಗೆ ಬೆಲ್ಲಪ್ಪ, ಬೆಲ್ಲವ್ವ ಎಂದು ಹೆಸರಿಡಬೇಕೆಂದು ಯಾವ ಗಾಣದವನೂ ಪಟ್ಟು ಹಿಡಿದದ್ದು ನಾನು ಕೇಳಿಲ್ಲ. ಮನೆಯ ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲಿ ವಾಡಿಕೆ. ಇನ್ನು ಮುಂದೆ ಅಜ್ಜನ ಹೆಸರಿನ ಮುಂದೆ ಲಾಮಾ ಬರೆಯಬೇಕಾಗಿ ಬಂದರೂ ಆಶ್ಚರ್ಯವಿಲ್ಲ.

‘ಓಪನ್ ಸೋರ್ಸ್’ ಎಂಬ ಪದಕ್ಕೆ ಅರ್ಥ ಕಾಯುವವರು ಇಲ್ಲವೆಂದಲ್ಲ. 1998ರಲ್ಲಿ ಹುಟ್ಟಿದ ಓಪನ್ ಸೋರ್ಸ್ ಇನಿಷಿಯೇಟಿವ್ ಎಂಬ ಸಂಸ್ಥೆಯು 2024ರ ಅಕ್ಟೋಬರಿನಲ್ಲಿ ಕೃತಕ ಬುದ್ಧಿಮತ್ತೆಗೂ ಒಂದು ವ್ಯಾಖ್ಯೆ ಬರೆಯಿತು. ಆ ವ್ಯಾಖ್ಯೆಯ ಪ್ರಕಾರ ಕಲಿಸಲು ಬಳಸಿದ ಪ್ರೋಗ್ರಾಮಿನ ಕೋಡನ್ನೂ ಮಾದರಿಯೊಳಗಿನ ಸಂಖ್ಯೆಗಳನ್ನೂ ಕೊಡಬೇಕು, ಆದರೆ ಮಾದರಿ ಕಲಿತ ಪಠ್ಯವನ್ನೆಲ್ಲ ಕೊಡಬೇಕಾಗಿಲ್ಲ, ಅದರ ವಿವರ ಕೊಟ್ಟರೆ ಸಾಕು. ಕಬ್ಬು ಯಾವ ತಳಿ, ಯಾವ ಊರಿನದು ಎಂದು ಚೀಟಿ ಬರೆದುಕೊಟ್ಟರೆ ಕಾರ್ಖಾನೆ ಮುಕ್ತವಾಯಿತು ಎಂದ ಹಾಗೆ. ಇಷ್ಟು ಸಡಿಲವಾದ ಕುಪ್ಪಸವೂ ಲಾಮಾಕ್ಕೆ ಹಿಡಿಯಲಿಲ್ಲ. ಅದು ಓಪನ್ ಸೋರ್ಸ್ ಅಲ್ಲವೆಂದು ಸಂಸ್ಥೆ ನೇರವಾಗಿಯೇ ಹೇಳಿತು. ನ್ಯಾಯವಾಗಿ ಹೇಳಬೇಕೆಂದರೆ ಎಲ್ಲರೂ ಹೀಗಿಲ್ಲ. 2025ರ ಜನವರಿಯಲ್ಲಿ ಚೀನಾದ ಡೀಪ್‌ಸೀಕ್ ತನ್ನ ಆರ್1 ಮಾದರಿಯನ್ನು ಒಂದು ಪುಟ ತುಂಬದ, ಹೆಚ್ಚು ಷರತ್ತಿಲ್ಲದ ಎಂಐಟಿ ಪರವಾನಗಿಯಲ್ಲಿ ಬಿಟ್ಟಿತು; ಅಮೆರಿಕದ ಅಲೆನ್ ಸಂಸ್ಥೆ ತನ್ನ ಓಲ್ಮೋ ಮಾದರಿಗೆ ಉಣಿಸಿದ ಪಠ್ಯವನ್ನೂ ಬಯಲಿಗಿಟ್ಟಿತು. ಸದ್ದಿಲ್ಲದೆ ಕೊಡುವವರ ಬಗ್ಗೆ ವಿಡಂಬನೆ ಬರೆಯಲು ಬರುವುದಿಲ್ಲ.

ಮಾದರಿಯೊಳಗಿನ ಆ ಸಂಖ್ಯೆಗಳಿಗೆ ಇಂಗ್ಲಿಷಿನಲ್ಲಿ ‘ವೇಟ್ಸ್’ ಎನ್ನುತ್ತಾರೆ, ಅಂದರೆ ತೂಕಗಳು. ನರಜಾಲವೆಂಬ ಲೆಕ್ಕದ ಬಲೆಯಲ್ಲಿ ಒಂದು ಗಂಟಿನಿಂದ ಇನ್ನೊಂದಕ್ಕೆ ಎಷ್ಟು ಒತ್ತು ಸಾಗಬೇಕೆಂದು ಹೇಳುವ ಬರೀ ಅಂಕಿಗಳು ಅವು. ಲಾಮಾ 3.1ರ ಕಿರಿಯ ಮಾದರಿಯಲ್ಲಿ ಇಂಥ 800 ಕೋಟಿ ಅಂಕಿಗಳಿವೆ, ಹಿರಿಯದರಲ್ಲಿ 40,500 ಕೋಟಿ. ಯಾವ ಮನುಷ್ಯನೂ ಅವುಗಳಲ್ಲಿ ಒಂದನ್ನೂ ಕೂತು ಬರೆದದ್ದಲ್ಲ. 15 ಲಕ್ಷ ಕೋಟಿಗೂ ಮಿಕ್ಕ ಪದತುಣುಕುಗಳನ್ನು ಅರೆದಾಗ ಯಂತ್ರದ ತಳದಲ್ಲಿ ಉಳಿದ ರಸ. ತೂಕ ಎಂದೊಡನೆ ಮುಧೋಳ, ಜಮಖಂಡಿ ಕಡೆಯವರಿಗೆ ನೆನಪಾಗುವುದು ಸಕ್ಕರೆ ಕಾರ್ಖಾನೆಯ ಕಾಟಾ. ಟ್ರ್ಯಾಕ್ಟರು ಅದರ ಮೇಲೆ ನಿಂತಾಗ ರೈತನ ಎದೆ ಹೊಡೆದುಕೊಳ್ಳುವ ಪರಿ ಆ ಅಂಕಿಗೆ ಗೊತ್ತಿರುವುದಿಲ್ಲ. ಕಾಟಾ ಹೊಡೆಯುತ್ತಾರೆ, ಟನ್ನಿಗೆ ಇಷ್ಟು ನುಂಗುತ್ತಾರೆ ಎಂಬ ಕೂಗು ನಾನು ಹುಡುಗನಾಗಿದ್ದಾಗಿನಿಂದ ಇದೆ. ಆದರೂ ಅಲ್ಲೊಂದು ಕಾಟಾ ಇದೆ, ಕೈಗೊಂದು ಚೀಟಿ ಬರುತ್ತದೆ, ದರ ಸಾಲದಿದ್ದರೆ ರಸ್ತೆಯಲ್ಲಿ ಕೂರಬಹುದು. 15 ಲಕ್ಷ ಕೋಟಿ ತುಣುಕುಗಳನ್ನು ಸಾಗಿಸಿದ ಈ ಹೊಸ ಕಾರ್ಖಾನೆಗಳ ಬಾಗಿಲಲ್ಲಿ ಕಾಟಾ ಇರಲಿಲ್ಲ, ಚೀಟಿಯೂ ಇರಲಿಲ್ಲ. ಹೊಲದ ಒಡೆಯನಿಗೆ ಕಬ್ಬು ಕಟಾವಾದದ್ದೇ ಗೊತ್ತಿರಲಿಲ್ಲ.

2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ಕಬ್ಬು ಬೆಳೆಗಾರರು ಕುಳಿತಿದ್ದ ದಿನಗಳ ಆಸುಪಾಸಿನಲ್ಲೇ ಅತ್ತ ಲಂಡನ್ನಿನಲ್ಲೂ ಮ್ಯೂನಿಕ್‌ನಲ್ಲೂ ಈ ತೂಕಗಳದ್ದೇ ಪಂಚಾಯಿತಿ ಕೂಡಿತ್ತು. ಫೋಟೊ ಮಾರುವ ಕಂಪನಿ ಗೆಟ್ಟಿ ಇಮೇಜಸ್ ಹೂಡಿದ ದಾವೆಯಲ್ಲಿ ನವೆಂಬರ್ 4ರಂದು ಲಂಡನ್ನಿನ ನ್ಯಾಯಾಲಯವು, ಸ್ಟೆಬಿಲಿಟಿ ಎಐ ಕಂಪನಿಯ ಚಿತ್ರ ಬಿಡಿಸುವ ಮಾದರಿಯು ಕಲಿತ ಚಿತ್ರಗಳನ್ನು ತನ್ನೊಳಗೆ ಸಂಗ್ರಹಿಸಿಟ್ಟುಕೊಂಡಿಲ್ಲವಾದ್ದರಿಂದ ಅದು ಅಕ್ರಮ ಪ್ರತಿಯಲ್ಲ ಎಂದಿತು. ಒಂದೇ ವಾರ ಕಳೆದು, ಜರ್ಮನಿಯ ಸಂಗೀತಗಾರರ ಸಂಸ್ಥೆ ಗೇಮಾ, ಚಾಟ್‌ಜಿಪಿಟಿಯ ಒಡೆಯ ಓಪನ್‌ಎಐ ಮೇಲೆ ಹೂಡಿದ್ದ ದಾವೆಯಲ್ಲಿ ಮ್ಯೂನಿಕ್ ನ್ಯಾಯಾಲಯವು, ಒಂಬತ್ತು ಹಾಡುಗಳ ಸಾಹಿತ್ಯ ಮಾದರಿಯ ಅಂಕಿಗಳಲ್ಲಿ ಕಂಠಪಾಠವಾಗಿ ಕೂತಿದೆ, ಹಾಗೆ ಕೂತದ್ದೂ ನಕಲೇ ಎಂದಿತು. ಸಕ್ಕರೆಯ ಚೀಲದಲ್ಲಿ ಕಬ್ಬು ಎಲ್ಲಿದೆ ಎಂದು ಒಬ್ಬರು ಕೇಳಿದರು. ಚೀಲ ಕೊಡವಿದಾಗ ಕಬ್ಬಿನ ಒಂಬತ್ತು ಗಣಿಕೆಗಳು ಹಾಗ್ಹಾಗೇ ಉದುರಿದ್ದನ್ನು ಇನ್ನೊಬ್ಬರು ತೋರಿಸಿದರು. ಚೀಲವೂ ಬೇರೆ, ದೇಶವೂ ಬೇರೆ, ಕಾಯ್ದೆಯೂ ಬೇರೆ. ಮೇಲ್ಮನವಿಯ ದಾರಿ ಇದ್ದೇ ಇದೆ. ವಕೀಲರ ಮಕ್ಕಳು ಸುಖವಾಗಿರಲಿ.

ನನ್ನ ಹಳೆಯ ಕಸುಬಿನ ಹುಳು ಕೊರೆದದ್ದು ಬೇರೆಯದೇ ಪ್ರಶ್ನೆ. ಈ ಅಂಕಿಗಳಿಗೆ ಪರವಾನಗಿ ಕೊಡುತ್ತಿದ್ದಾರಲ್ಲ, ಇವರ ಹೆಸರಿನಲ್ಲಿ ಉತಾರ, ಅಂದರೆ ಪಹಣಿ, ಇದೆಯೇ? ಉತಾರದಲ್ಲಿ ಹೆಸರಿಲ್ಲದವನು ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟರೆ ನಮ್ಮ ಕೋರ್ಟಿನ ಜವಾನನೂ ನಗುತ್ತಾನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಸೇರಿದ ಒಂದು ಮಾತಿನಂತೆ, ಕಂಪ್ಯೂಟರಿನಿಂದ ಹುಟ್ಟಿದ ಸಾಹಿತ್ಯ ಕೃತಿಗೆ ಅದು ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃ. ಇಲ್ಲಿ ಕಾರಣ ಯಾರು? ಗುಂಡಿ ಒತ್ತಿದವನೋ, ಯಂತ್ರಕ್ಕೆ ದುಡ್ಡು ಹಾಕಿದವನೋ, ಅಥವಾ ಹತ್ತು ಶತಮಾನ ಬರೆದಿಟ್ಟು ಹೋದವರೋ? ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ. ಬಿ. ಮೋದಕ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರ ಡಿಸೆಂಬರಿನಲ್ಲಿಯೇ, ಬರೀ ಬೆವರು ಮತ್ತು ಬಂಡವಾಳದಿಂದ ಕೃತಿಸ್ವಾಮ್ಯ ಹುಟ್ಟದು, ಅದಕ್ಕೆ ಅಲ್ಪಸ್ವಲ್ಪವಾದರೂ ಸೃಜನಶೀಲತೆಯ ಸೋಂಕು ಬೇಕು ಎಂದು ಹೇಳಿದೆ. ಮನುಷ್ಯನ ಬೆವರಿಗೇ ಹಕ್ಕು ಸಿಗದ ಮೇಲೆ ಯಂತ್ರದ ವಿದ್ಯುತ್ ಬಿಲ್ಲಿಗೆ ಯಾವ ಹಕ್ಕು ಸಿಕ್ಕೀತು? ಹಕ್ಕೇ ಇಲ್ಲವಾದರೆ ಪರವಾನಗಿ ಎಂಬುದು ‘ಒಪ್ಪಿದೆ’ ಎಂದು ಒತ್ತಿದವನೊಡನೆ ಮಾಡಿಕೊಂಡ ಬರೀ ಕರಾರು; ಒತ್ತದೆ ಮೂರನೆಯವನ ಕೈಯಿಂದ ಪಡೆದವನನ್ನು ಅದು ಹೇಗೆ ಕಟ್ಟಿಹಾಕುತ್ತದೆ? 2023ರ ಮಾರ್ಚಿನಲ್ಲಿ ಇದೇ ನಡೆಯಿತು. ಅರ್ಜಿ ಹಾಕಿದ ಸಂಶೋಧಕರಿಗಷ್ಟೇ ಎಂದಿದ್ದ ಮೊದಲ ಲಾಮಾ ಟೊರೆಂಟ್ ಎಂಬ ಕಡತ ಹಂಚುವ ಜಾಲದಲ್ಲಿ ಸೋರಿ ಊರೂರು ತಿರುಗಿತು, ಅದನ್ನು ಇಳಿಸಿಕೊಳ್ಳುವ ದಾರಿ ತೋರಿಸಿದ್ದ ಪುಟಗಳನ್ನು ತೆಗೆಯಿರೆಂದು ಕಂಪನಿ ಪ್ರೋಗ್ರಾಮು ಹಂಚುವ ಜಾಲತಾಣ ಗಿಟ್‌ಹಬ್‌ಗೆ ನೋಟೀಸು ಕಳಿಸಿತು. ಯಾವ ಕಾಯ್ದೆಯಡಿ? ಅಮೆರಿಕದ ಕೃತಿಸ್ವಾಮ್ಯ ಕಾಯ್ದೆಯಡಿ. ಪುಸ್ತಕ ಬರೆದವರು ಅದೇ ಕಾಯ್ದೆ ಹಿಡಿದು ಬಾಗಿಲಿಗೆ ಬಂದಾಗ, ಕಲಿಕೆಗೆ ಕೃತಿಸ್ವಾಮ್ಯ ಅಡ್ಡ ಬರಬಾರದು ಎಂದವರೂ ಇವರೇ. ಬರೆದವನಿಗೆ ಹಕ್ಕಿಲ್ಲ, ಅರೆದವನಿಗೆ ಇದೆ.

ನಮ್ಮ ಮುಧೋಳ ಹತ್ತನೆಯ ಶತಮಾನದ ರನ್ನನ ಊರು. ಬಳೆಗಾರರ ಮನೆಯ ಆ ಕವಿಗೆ ಸೊಕ್ಕು ಕಡಿಮೆ ಇರಲಿಲ್ಲ, ಪಂಪನಿಂದ ಪಡೆದದ್ದೂ ಕಡಿಮೆಯಲ್ಲ. ಆದರೆ ಹಳಗನ್ನಡದ ಕವಿಗಳಿಗೆ ಪೂರ್ವಕವಿ ಸ್ಮರಣೆ ಎಂಬ ಒಂದು ಕಟ್ಟುಪಾಡಿತ್ತು. ಕಥೆ ಶುರುವಾಗುವ ಮೊದಲು ಹಿಂದಿನವರಿಗೆ ಕೈಮುಗಿಯಬೇಕು. ಸಾವಿರ ವರ್ಷ ನಡೆದ ಈ ಪರವಾನಗಿಗೆ ಯಾರೂ ಸಹಿ ಹಾಕಿರಲಿಲ್ಲ. ತನ್ನ ಹೆಸರನ್ನು ಎಲ್ಲರ ಹಣೆಗೂ ಅಂಟಿಸಬೇಕೆನ್ನುವ ಮಾದರಿಯು ತಾನು ಯಾರನ್ನು ಓದಿದೆ ಎಂಬ ಪಟ್ಟಿಯನ್ನು ಮಾತ್ರ ಕೊಡುವುದಿಲ್ಲ.

ಇಲ್ಲಿಗೆ ಬಂದಾಗ ನನಗೆ ನಗು ಬರುವುದು ನಿಲ್ಲುತ್ತದೆ. ಪಕ್ಕದ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ವಕೀಲಿ ಬಿಟ್ಟು ಊರೂರು ಅಲೆದು, ಮನೆಮನೆಯ ಬಾಗಿಲಲ್ಲಿ ನಿಂತು ಕೇಳಿ ವಚನಗಳ ಕಟ್ಟುಗಳನ್ನು ಕೂಡಿಸಿದರು. ಅವನ್ನು ಅಚ್ಚು ಹಾಕಿಸಲು ಸ್ವಂತ ಮನೆಯನ್ನೇ ಮಾರಿದರು. ಅವರು ತೀರಿಕೊಂಡದ್ದು 1964ರಲ್ಲಿ; ಅರವತ್ತು ವರ್ಷಗಳ ಕೃತಿಸ್ವಾಮ್ಯದ ಅವಧಿ ಮುಗಿದು 2025ರ ಜನವರಿ 1ರಿಂದ ಅವರ ಬರಹ ನಿಜವಾಗಿಯೇ ಎಲ್ಲರದೂ ಆಯಿತು, 70 ಕೋಟಿಯ ಷರತ್ತಿಲ್ಲದೆ. ಈ ಕಂಪನಿಗಳು ಯಾರ ಬಾಗಿಲಲ್ಲೂ ನಿಲ್ಲಲಿಲ್ಲ. ಕೊಳ್ಳುವ ಶಕ್ತಿ ಇಲ್ಲದವರೇನೂ ಅಲ್ಲ. ಆದರೂ ಅಂತರ್ಜಾಲದ ಕಳ್ಳ ಗ್ರಂಥಾಲಯಗಳಿಂದ ಪುಸ್ತಕ ಇಳಿಸಿಕೊಂಡರು. 2025ರ ಜೂನಿನಲ್ಲಿ ಅಮೆರಿಕದ ಒಬ್ಬ ನ್ಯಾಯಾಧೀಶರು ಕಲಿಸಿದ್ದು ತಪ್ಪಲ್ಲ, ಕದ್ದು ಕೂಡಿಟ್ಟದ್ದು ತಪ್ಪು ಎಂದ ಮೇಲೆ ಆಂಥ್ರೊಪಿಕ್ ಕಂಪನಿ 150 ಕೋಟಿ ಡಾಲರ್ ಕೊಡಲು ಒಪ್ಪಿತು; ಸುಮಾರು ಐದು ಲಕ್ಷ ಪುಸ್ತಕಗಳಿಗೆ, ಪುಸ್ತಕಕ್ಕೆ ಹತ್ತಿರ ಹತ್ತಿರ 3,000 ಡಾಲರ್. ಯಾವ ಪುಸ್ತಕಗಳಿಗೆ? ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಿದವಕ್ಕೆ. ಗದಗಿನಲ್ಲೋ ಧಾರವಾಡದಲ್ಲೋ ಐನೂರು ಪ್ರತಿ ಅಚ್ಚು ಹಾಕಿಸಿ, ಇನ್ನೂರನ್ನು ನೆಂಟರಿಗೆ ಹಂಚಿ, ಉಳಿದದ್ದನ್ನು ಮಂಚದ ಕೆಳಗಿಟ್ಟುಕೊಂಡಿರುವ ನಮ್ಮ ಲೇಖಕ ವಾಷಿಂಗ್ಟನ್ನಿಗೆ ಯಾವ ಬಸ್ಸು ಹತ್ತಿ ಹೋಗಿ ನೋಂದಾಯಿಸಬೇಕಿತ್ತು? ಸಾಕಾಗಿದೆ ನನಗೆ. ತೆಗೆದುಕೊಳ್ಳುವಾಗ ಜ್ಞಾನ ಲೋಕದ ಸ್ವತ್ತು, ಕೊಡುವಾಗ ಕಲಮಿನ ಮೇಲೆ ಕಲಮು.

ಅಳಿಯ ಇಷ್ಟನ್ನೂ ಸಹನೆಯಿಂದ ಕೇಳಿ, ಆ್ಯಪ್ ತೆರೆದು ನನ್ನ ಕೈಗಿತ್ತ. ‘ಕಾಟಾದಲ್ಲಿ ಮೋಸ ಆದರೆ ಏನು ಮಾಡಬೇಕು?’ ಎಂದು ಕೇಳಿದೆ. ಕಾಟ ಕೊಡುವ ವ್ಯಕ್ತಿಗಳಿಂದ ದೂರವಿರಬೇಕು, ಆಪ್ತರೊಡನೆ ಮನಸ್ಸು ಬಿಚ್ಚಿ ಮಾತನಾಡಬೇಕು, ಅಗತ್ಯವಿದ್ದರೆ ಪೊಲೀಸರ ನೆರವು ಪಡೆಯಬೇಕು ಎಂದು ಅದು ಅಚ್ಚುಕಟ್ಟಾದ ಕನ್ನಡದಲ್ಲಿ ಬುದ್ಧಿ ಹೇಳಿತು. ಅಳಿಯ ನಾಚಲಿಲ್ಲ. ನಮ್ಮ ಕಡೆಯ ಮಾತು ಅದಕ್ಕಿನ್ನೂ ಬಂದಿಲ್ಲ, ಅದಕ್ಕೇ ಹದಿನೈದು ದಿನದಿಂದ ಕಟ್ಟೆಯ ಮೇಲೆ ಕೂತ ರೈತರ ಮಾತನ್ನೆಲ್ಲ ಫೋನಿನಲ್ಲಿ ಹಿಡಿದಿಡುತ್ತಿದ್ದೇನೆ, ಅದನ್ನೇ ಉಣಿಸಿ ಕಲಿಸುತ್ತೇನೆ ಎಂದ. ಹಾಗೆ ಕಲಿತ ಮಾದರಿಗೆ ಯಾವ ಹೆಸರಿಡಬೇಕೆಂಬುದು ಆ ಝೆರಾಕ್ಸಿನಲ್ಲಿ ಆಗಲೇ ಅಚ್ಚಾಗಿತ್ತು.

“ಆ ರೈತರನ್ನ ಕೇಳೀಯೇನಪಾ?” ಎಂದೆ.

“ಅವರನ್ನೇನು ಕೇಳೂದು ಮಾಮಾ, ನಮ್ಮ ಮಂದೀನ ಅಲ್ಲೇನು?”