ಬಂಡೆ ‘ಭಂಡೆ’ ಆದ ಕಥೆ, ಜೊತೆಗೆ ಗಾಥಿಕ್ ಅಕ್ಷರದ ಜಗಳ

ಡಿಸೈನ್ ಕಲಿಯುತ್ತಿರುವ ಹುಡುಗನೊಬ್ಬ ಕಳೆದ ವಾರ ಮೆಸೇಜ್ ಮಾಡಿದ್ದ. “ಸರ್, ಕಾಲೇಜಿನ ಪೋಸ್ಟರ್‌ಗೆ ಗಾಥಿಕ್ ಫಾಂಟ್ ಬೇಕು. ಲಿಸ್ಟಲ್ಲಿ ಗಾಥಿಕ್ ಅಂತ ಹೊಡೆದರೆ ನಾಲ್ಕೈದು ಬರುತ್ತೆ, ಒಂದೂ ಗಾಥಿಕ್ ಥರ ಇಲ್ಲ. ನನ್ನ ಕಂಪ್ಯೂಟರ್ ಏನಾದ್ರೂ ಕೆಟ್ಟಿದೆಯಾ?”

ಕಂಪ್ಯೂಟರ್ ಕೆಟ್ಟಿಲ್ಲಪ್ಪ, ಕೆಟ್ಟಿರೋದು ಹೆಸರು ಅಂದೆ.

ಅವನಿಗೆ ಸಿಕ್ಕಿದ್ದು ಸೆಂಚುರಿ ಗಾಥಿಕ್, ಫ್ರಾಂಕ್ಲಿನ್ ಗಾಥಿಕ್, ಎಂಎಸ್ ಗಾಥಿಕ್. ಎಲ್ಲವೂ ಸಪಾಟು, ಕ್ಷೌರ ಮಾಡಿಸಿಕೊಂಡು ಬಂದ ಹಾಗಿರುವ ಅಕ್ಷರಗಳು. ಅವನಿಗೆ ಬೇಕಿದ್ದದ್ದು ಹಳೇ ಚರ್ಚು, ದೆವ್ವದ ಸಿನಿಮಾ, ರಾಕ್ ಬ್ಯಾಂಡಿನ ಟಿ-ಶರ್ಟು ನೆನಪಿಸುವ ಮುಳ್ಳುಮುಳ್ಳು ಅಕ್ಷರ. ಅದು ಅದೇ ಲಿಸ್ಟಿನಲ್ಲಿ ‘ಓಲ್ಡ್ ಇಂಗ್ಲಿಷ್ ಟೆಕ್ಸ್ಟ್’ ಅನ್ನುವ ಹೆಸರಿನಲ್ಲಿ ತೆಪ್ಪಗೆ ಕೂತಿತ್ತು. ಈ ಜಾತಿಯ ಅಕ್ಷರಕ್ಕೆ ಡಿಸೈನರ್‌ಗಳು ಬ್ಲ್ಯಾಕ್‌ಲೆಟರ್ ಅನ್ನುತ್ತಾರೆ.

ಈ ಗೊಂದಲಕ್ಕೆ ಇನ್ನೂರು ವರ್ಷ ಆಗುತ್ತಾ ಬಂತು. ಲಂಡನ್ನಿನಲ್ಲಿ ಅಚ್ಚಿನ ಮೊಳೆ, ಅಂದರೆ ಲೋಹದ ಅಕ್ಷರ, ಎರಕ ಹೊಯ್ಯುತ್ತಿದ್ದ ನಾಲ್ಕನೇ ವಿಲಿಯಂ ಕ್ಯಾಸ್ಲನ್ 1816ರಲ್ಲಿ ತನ್ನ ಮೊಳೆಗಳ ಮಾದರಿ ಪುಸ್ತಕದಲ್ಲಿ ಒಂದು ವಿಚಿತ್ರ ಅಕ್ಷರ ತೋರಿಸಿದ. ಗೆರೆಯ ತುದಿಯಲ್ಲಿ ಪುಟ್ಟ ಪಾದದ ಹಾಗೆ ಇರುತ್ತದಲ್ಲ ಸೆರಿಫ್, ಅದೇ ಇರಲಿಲ್ಲ. ಅವನು ಅದನ್ನು ಕರೆದದ್ದು ‘ಈಜಿಪ್ಶಿಯನ್’ ಅಂತ. 1832ರಲ್ಲಿ ವಿನ್ಸೆಂಟ್ ಫಿಗ್ಗಿನ್ಸ್ ‘ಸಾನ್ಸ್ ಸೆರಿಫ್’ ಅಂದ. ಅದೇ ದಶಕದಲ್ಲಿ ಇನ್ನೊಬ್ಬ ‘ಗ್ರೊಟೆಸ್ಕ್’ ಅಂದ, ಅಂದರೆ ವಿಕಾರ. 1837ರಲ್ಲಿ ಅಮೆರಿಕದ ಬಾಸ್ಟನ್ನಿನ ಮೊಳೆ ಎರಕದವರು ‘ಗಾಥಿಕ್’ ಅಂದರು. ಅಮೆರಿಕದಲ್ಲಿ ಆ ಹೆಸರೇ ನಿಂತಿತು. 1902ರಲ್ಲಿ ಮಾರಿಸ್ ಫುಲ್ಲರ್ ಬೆಂಟನ್ ಫ್ರಾಂಕ್ಲಿನ್ ಗಾಥಿಕ್ ಮಾಡಿದಾಗ ‘ಗಾಥಿಕ್’ ಅಂದರೆ ಪಾದವಿಲ್ಲದ್ದು ಅಂತಲೇ ಅರ್ಥ. ಅಲ್ಲಿಂದ ಜಪಾನಿಗೂ ಹೋಯಿತು. ಅಲ್ಲಿ ಇವತ್ತಿಗೂ ಸಪಾಟು ಅಕ್ಷರಕ್ಕೆ ‘ಗೋಶಿಕ್ಕು’ ಅನ್ನುತ್ತಾರೆ.

ಅಸಲಿಗೆ ಗಾಥಿಕ್ ಅನ್ನುವುದೇ ಒಂದು ಬೈಗುಳ. 410ರಲ್ಲಿ ರೋಮ್ ಲೂಟಿ ಮಾಡಿದ ಗಾಥರ ಹೆಸರು ಹಿಡಿದು, ಸಾವಿರ ವರ್ಷ ಆದಮೇಲೆ ಇಟಲಿಯ ಪಂಡಿತರು ಆಲ್ಪ್ಸ್ ಆಚೆಯ ಕಟ್ಟಡ, ಬರವಣಿಗೆ ಎಲ್ಲವನ್ನೂ ಹೀಗೆ ಕರೆದರು. ‘ಕಾಡುಜನರದ್ದು’ ಅಂದಂತೆ. ಗಾಥರಿಗೆ ತಮ್ಮದೇ ಬೇರೆ ಲಿಪಿ ಇತ್ತು. ಈ ಮುಳ್ಳಕ್ಷರಕ್ಕೂ ಅವರಿಗೂ ಏನೇನೂ ಸಂಬಂಧವಿಲ್ಲ. ಪಾಪ.

ಮುಳ್ಳು ಬಂದದ್ದು ಉಪಕರಣದಿಂದ. ತುದಿ ಅಗಲವಾಗಿ ಕತ್ತರಿಸಿದ ಗರಿಯ ಪೆನ್ನನ್ನು ಓರೆಯಾಗಿ ಹಿಡಿದು ಮೇಲಿಂದ ಕೆಳಗೆ ಎಳೆದರೆ ದಪ್ಪ ಗೆರೆ, ಅಡ್ಡ ಓರೆಗೆ ಎಳೆದರೆ ಕೂದಲೆಳೆ. ಗೆರೆ ಶುರುವಾಗುವಲ್ಲಿ, ಮುಗಿಯುವಲ್ಲಿ ಪೆನ್ನು ಒಂದು ಕ್ಷಣ ನಿಂತರೆ ವಜ್ರಾಕಾರದ ಒಂದು ಗುರುತು ಬೀಳುತ್ತದೆ. ಚರ್ಮದ ಹಾಳೆ ದುಬಾರಿ, ಹಾಗಾಗಿ ಅಕ್ಷರ ಒತ್ತೊತ್ತಾಗಿ ಇರುತ್ತಿತ್ತು. ಸುಮಾರು 1455ರಲ್ಲಿ ಮೈನ್ಜ್ ಊರಿನಲ್ಲಿ ಗುಟೆನ್‌ಬರ್ಗ್ ಬೈಬಲ್ ಅಚ್ಚು ಹಾಕಿದಾಗ ಈ ಕೈಬರಹವನ್ನೇ ಸೀಸದ ಮೊಳೆಗೆ ಇಳಿಸಿದ. ಇಂಗ್ಲಿಷಿನ ಇಪ್ಪತ್ತಾರರ ಲೆಕ್ಕ ಇಟ್ಟುಕೊಂಡವರಿಗೆ ಆಶ್ಚರ್ಯ ಆಗಬಹುದು: ಅವನು ಎರಕ ಹೊಯ್ದದ್ದು 290ರಷ್ಟು ಬೇರೆ ಬೇರೆ ಮೊಳೆ. ಒಂದೇ ಅಕ್ಷರಕ್ಕೆ ಅಗಲದ್ದು, ಕಿರಿದು, ಜೋಡಿ ಅಕ್ಷರ, ಸಂಕ್ಷೇಪದ ಗುರುತು. ಸಾಲಿನ ಬಲ ಅಂಚು ನೀಟಾಗಿ ಬರಬೇಕಿತ್ತಲ್ಲ, ಅದಕ್ಕೆ. ಈ 290ರ ಲೆಕ್ಕ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈ ಬರಹದಲ್ಲಿ ಇಂಗ್ಲಿಷಿನ ಐ, ಎನ್, ಎಂ, ಯು ಎಲ್ಲವೂ ಬರೀ ಕಂಬಿಗಳ ಸಾಲು. ಒಂದು ಕಂಬಿ ಐ, ಎರಡು ಕಂಬಿ ಎನ್ ಅಥವಾ ಯು, ಮೂರಾದರೆ ಎಂ. ‘ಮಿನಿಮಮ್’ ಅಂತ ಬರೆದರೆ ಜೈಲಿನ ಕಿಟಕಿ ಕಂಡಂತೆ. ಐ ಮೇಲೆ ಚುಕ್ಕಿ ನಿಂತದ್ದೇ ಈ ಕಂಬಿಗಳ ನಡುವೆ ಅದನ್ನು ಗುರುತು ಹಿಡಿಯಲಿಕ್ಕೆ.

ನಾನು ಕೆಲಸ ಕಲಿತದ್ದು ದಾವಣಗೆರೆಯ ಒಂದು ಪ್ರೆಸ್ಸಿನಲ್ಲಿ. ಮದುವೆ ಸೀಸನ್ನಿನಲ್ಲಿ ದಿನಕ್ಕೆ ಹತ್ತು ಕಾರ್ಡ್. ಕನ್ನಡದ ಬದಿಗೆ ‘ನುಡಿ’ ತಂತ್ರಾಂಶದ ಅಕ್ಷರ, ಇಂಗ್ಲಿಷ್ ಬದಿಗೆ ತಪ್ಪದೆ ಓಲ್ಡ್ ಇಂಗ್ಲಿಷ್. ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ಗ್ರ್ಯಾಂಡ್ ಆಗಿ ಕಾಣಬೇಕು ಅಷ್ಟೇ. ಒಮ್ಮೆ ಒಬ್ಬರು ಹಠ ಹಿಡಿದು ಹುಡುಗನ ಪೂರ್ತಿ ಹೆಸರನ್ನು ಕ್ಯಾಪಿಟಲ್ ಅಕ್ಷರದಲ್ಲೇ ಹಾಕಿಸಿದರು. ಕಾರ್ಡ್ ಬಂದಮೇಲೆ ಅಜ್ಜನಿಗಿರಲಿ, ಮದುಮಗನಿಗೇ ತನ್ನ ಹೆಸರು ಓದಲು ಬರಲಿಲ್ಲ. ಬ್ಲ್ಯಾಕ್‌ಲೆಟರ್‌ನ ಕ್ಯಾಪಿಟಲ್‌ಗಳು ಪದದ ಬಾಗಿಲಲ್ಲಿ ಒಂಟಿಯಾಗಿ ನಿಲ್ಲಲಿಕ್ಕೆ ಹುಟ್ಟಿದವು. ಬಾಸಿಂಗ ಕಟ್ಟಿಕೊಂಡವನು ಒಬ್ಬನಿದ್ದರೆ ಮದುವೆ. ಹತ್ತು ಜನ ಕಟ್ಟಿಕೊಂಡು ಸಾಲಾಗಿ ನಿಂತರೆ ಗಂಡು ಯಾರು ಅಂತ ಹೇಗೆ ಗೊತ್ತಾಗಬೇಕು? ನ್ಯೂಯಾರ್ಕ್ ಟೈಮ್ಸ್‌ನ ತಲೆಬರಹ ನೋಡಿ, ಅದೂ ಇದೇ ಜಾತಿ. ಪದದ ಮೊದಲ ಅಕ್ಷರ ಮಾತ್ರ ದೊಡ್ಡದು, ಉಳಿದದ್ದು ಸಣ್ಣದು. ಅದಕ್ಕೇ ಓದಲು ಬರುತ್ತದೆ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಈ ಅಕ್ಷರ ಕಂಡರೆ ತುಂಬಾ ಜನ ‘ನಾಜಿ ಅಕ್ಷರ’ ಅನ್ನುತ್ತಾರೆ. ಜರ್ಮನಿಯಲ್ಲಿ ಇದರದೇ ಒಂದು ಬಗೆ, ಫ್ರಾಕ್ಟುರ್, ನಾನೂರು ವರ್ಷ ದಿನಬಳಕೆಯ ಅಕ್ಷರವಾಗಿತ್ತು. ಅಡುಗೆ ಪುಸ್ತಕವೂ ಅದರಲ್ಲೇ, ಬೈಬಲ್ಲೂ ಅದರಲ್ಲೇ. ನಾಜಿಗಳು ಮೊದಲು ಅದನ್ನು ತಲೆ ಮೇಲೆ ಹೊತ್ತರು. ಆಮೇಲೆ 1941ರ ಜನವರಿ 3ರಂದು ನಾಜಿ ಪಕ್ಷದ ಮುಖಂಡ ಮಾರ್ಟಿನ್ ಬೋರ್ಮನ್ ಸಹಿ ಹಾಕಿದ ಸುತ್ತೋಲೆ ಬಂತು: ಇವು ಯೆಹೂದಿ ಅಕ್ಷರಗಳು, ಇನ್ನು ಬಳಸಬಾರದು ಅಂತ. ಶುದ್ಧ ಸುಳ್ಳು. ಮಜಾ ಏನೆಂದರೆ ಆ ಸುತ್ತೋಲೆಯ ಲೆಟರ್‌ಹೆಡ್ಡೇ ಫ್ರಾಕ್ಟುರ್‌ನಲ್ಲಿ ಅಚ್ಚಾಗಿತ್ತು. ಹೀಗೆ ಎರಡೂ ಕಡೆಯಿಂದ ಒದೆ ತಿಂದ ಅಕ್ಷರ ಅದು. ಹಾಗಂತ ಎಲ್ಲೆಂದರಲ್ಲಿ ಬಳಸಿ ಅನ್ನುತ್ತಿಲ್ಲ. ಜರ್ಮನಿಯ ಗಿರಾಕಿಗೆ ಕೆಲಸ ಮಾಡುವಾಗ ಎರಡು ಸಲ ಯೋಚಿಸಿ.

ಈಗ ನನ್ನ ಎಡವಟ್ಟಿಗೆ ಬರುತ್ತೇನೆ.

ರಾಕ್ ಬ್ಯಾಂಡುಗಳಿಗೂ ಈ ಅಕ್ಷರಕ್ಕೂ ಹಳೇ ನಂಟು. ಎಸಿ/ಡಿಸಿ ಬ್ಯಾಂಡಿನ ಲೋಗೋ ಗೊತ್ತಲ್ಲ, 1977ರಲ್ಲಿ ಅದನ್ನು ಬರೆದ ಜೆರಾರ್ಡ್ ಹುಯೆರ್ಟಾಗೆ ಪ್ರೇರಣೆ ಗುಟೆನ್‌ಬರ್ಗನ ಬೈಬಲ್ ಅಕ್ಷರ. ಬೈಬಲಿನಿಂದ ನೇರ ರಾಕ್ ವೇದಿಕೆಗೆ! ಕೆಲವು ವರ್ಷಗಳ ಹಿಂದೆ ಕನ್ನಡದಲ್ಲಿ ರಾಕ್ ಹಾಡುವ ಹುಡುಗರು ನನ್ನ ಹತ್ತಿರ ಬಂದರು. ಪೋಸ್ಟರಿನಲ್ಲಿ ದೊಡ್ಡದಾಗಿ ಒಂದೇ ಪದ ಬರಬೇಕು: ‘ಬಂಡೆ’. ರಾಕ್ ಅಂದರೆ ಬಂಡೆ ಅನ್ನುವ ತಮಾಷೆ. “ಸರ್, ಕನ್ನಡದಲ್ಲಿ ಗಾಥಿಕ್ ಮಾಡಿಕೊಡಿ.”

ನಾನೂ ಹುರುಪಿನಲ್ಲಿ ಕೂತೆ. ನುಡಿಯಲ್ಲಿ ಟೈಪ್ ಮಾಡಿ, ಕೋರೆಲ್ ಅನ್ನುವ ಡಿಸೈನ್ ತಂತ್ರಾಂಶದಲ್ಲಿ ಒಡೆದು, ದುಂಡಗಿದ್ದದ್ದನ್ನೆಲ್ಲ ಮೂಲೆ ಮಾಡಿ, ಬುಡಕ್ಕೆಲ್ಲ ಬ್ಲ್ಯಾಕ್‌ಲೆಟರ್ ಥರ ವಜ್ರದ ಮುಳ್ಳು ಇಟ್ಟೆ. ನೋಡಲಿಕ್ಕೆ ಭರ್ಜರಿಯಾಗಿತ್ತು. ಹುಡುಗರು ಕುಣಿದಾಡಿದರು. ಪೋಸ್ಟರ್ ಗೋಡೆಗೆ ಬಿದ್ದ ದಿನವೇ ಫೋನು. “ಸರ್, ಎಲ್ಲರೂ ‘ಭಂಡೆ’ ಅಂತ ಓದ್ತಿದ್ದಾರೆ. ಇದೇನು ಭಂಡರ ಹಾಡಾ ಅಂತ ಕೇಳ್ತಿದ್ದಾರೆ.”

ನೋಡಿದರೆ ಹೌದು. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದನ್ನೇ ಮರೆತಿದ್ದೆ. ಬ ಮತ್ತು ಭ, ಡ ಮತ್ತು ಢ, ದ ಮತ್ತು ಧ, ಪ ಮತ್ತು ಫ. ವ್ಯತ್ಯಾಸ ಎಲ್ಲಿದೆ? ಬುಡದಲ್ಲಿರುವ ಒಂದು ಪುಟ್ಟ ಸೀಳು, ಅಷ್ಟೇ. ನಾನು ಚಂದಕ್ಕೆ ಅಂತ ಬುಡದ ನಡುವೆ ಇಟ್ಟ ಮುಳ್ಳು ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡಿಬಿಟ್ಟಿತ್ತು. ಗುಟೆನ್‌ಬರ್ಗನ ಮುಳ್ಳು ಶೃಂಗಾರ. ನಮ್ಮಲ್ಲಿ ಮುಳ್ಳು ಅಂದರೆ ಉಚ್ಚಾರ.

ಆವತ್ತಿನಿಂದ ಕನ್ನಡ ಡಿಸ್‌ಪ್ಲೇ ಅಕ್ಷರದ ಬಗ್ಗೆ, ಅಂದರೆ ಪೋಸ್ಟರು, ಬೋರ್ಡುಗಳಲ್ಲಿ ದೊಡ್ಡದಾಗಿ ಹಾಕುವ ಅಕ್ಷರದ ಬಗ್ಗೆ, ನನ್ನ ತಕರಾರು ಇದೇ. ಲ್ಯಾಟಿನ್ ಅಕ್ಷರಕ್ಕೆ ತೊಡಿಸಿದ ಬಟ್ಟೆಯನ್ನು ಕಳಚಿ ಕನ್ನಡಕ್ಕೆ ತೊಡಿಸುತ್ತೇವೆ. ಎಲ್ಲಿ ಕತ್ತರಿ ಹಾಕಬಾರದು ಅಂತ ನೋಡುವುದೇ ಇಲ್ಲ. ಕನ್ನಡದ ಅಕ್ಷರದಲ್ಲಿ ಅರ್ಥ ಬದಲಿಸುವ ಜಾಗಗಳು ಜಾಸ್ತಿ. ಬುಡದ ಸೀಳು, ಒಳಗಿನ ಚುಕ್ಕಿ, ಪಕ್ಕದ ಕೊಂಬು, ಕೆಳಗಿನ ಒತ್ತು. ಇವುಗಳನ್ನು ಮುಟ್ಟದೆ ಆಟ ಆಡಬೇಕು.

ಇಲ್ಲಿ ಜರ್ಮನ್ ಮಿಷನರಿಗಳು ನೆನಪಾಗುತ್ತಾರೆ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಶುರು ಮಾಡಿದಾಗ ಅದು ಕಲ್ಲಚ್ಚಿನಲ್ಲಿ ಬಂತು. ಅಂದರೆ ಕೈಬರಹವೇ ಕಲ್ಲಿನ ಮೂಲಕ ಕಾಗದಕ್ಕೆ. ಅವರ ಊರಿನ ಪುಸ್ತಕಗಳೆಲ್ಲ ಫ್ರಾಕ್ಟುರ್‌ನಲ್ಲಿ ಇದ್ದ ಕಾಲ ಅದು. ಆದರೂ ಆ ಮುಳ್ಳನ್ನು ತಂದು ಕನ್ನಡಕ್ಕೆ ಚುಚ್ಚಲಿಲ್ಲ. ನಮ್ಮವರೇ ಆದ ನಾನು ಚುಚ್ಚಿದೆ.

ಬೋರ್ಡುಗಳ ಕಥೆಯೂ ಬೇರೆಯಲ್ಲ. 2024ರಲ್ಲಿ ಅಂಗಡಿ ಬೋರ್ಡುಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅನ್ನುವ ಕಾನೂನು ಬಂತು. ಒಳ್ಳೇದೇ. ಆದರೆ ಬೆಂಗಳೂರಿನಲ್ಲಿ ಒಂದು ಸುತ್ತು ಹಾಕಿ ನೋಡಿ. ಇಂಗ್ಲಿಷಿಗೆ ಬ್ರ್ಯಾಂಡಿನ ಸ್ವಂತ ಅಕ್ಷರ, ಕನ್ನಡಕ್ಕೆ ಯಾವುದೋ ಸಿಕ್ಕಿದ ಫಾಂಟನ್ನು ಅಡ್ಡಡ್ಡ ಎಳೆದು ಹಪ್ಪಳ ಮಾಡಿರುತ್ತಾರೆ. ಇಂಗ್ಲಿಷ್ ಕ್ಯಾಪಿಟಲ್‌ಗಳು ಪಟ್ಟಿಯ ಎತ್ತರ ಪೂರ್ತಿ ತುಂಬುತ್ತವೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ಎರಡಕ್ಕೂ ಜಾಗ ಬಿಡಬೇಕು. ‘ವಸ್ತ್ರ’ ಅಂತ ಬರೆಯಲಿಕ್ಕೇ ಎಷ್ಟು ಆಳ ಬೇಕು ನೋಡಿ. ಹಾಗಾಗಿ ಜಾಗ ಅರವತ್ತು ಪರ್ಸೆಂಟ್ ಇದ್ದರೂ ಕಣ್ಣಿಗೆ ಕನ್ನಡವೇ ಸಣ್ಣದು.

ಫಾಂಟೇ ಇಲ್ಲ ಅನ್ನುವ ಕಾಲ ಮುಗಿದಿದೆ, ಅದನ್ನೂ ಹೇಳಬೇಕು. ಏಕ್ ಟೈಪ್ ಅನ್ನುವ ಫಾಂಟ್ ಸಂಸ್ಥೆಯವರ ‘ಬಲೂ ತಮ್ಮ’ ಫಾಂಟ್ ದಪ್ಪಗೆ, ಮುದ್ದಾಗಿದೆ. ಮಕ್ಕಳ ಪುಸ್ತಕದಿಂದ ಬೇಕರಿವರೆಗೆ ಎಲ್ಲೆಡೆ ಕಾಣುತ್ತದೆ, ಸ್ವಲ್ಪ ಅತಿಯಾಗಿಯೇ. ಅವರದೇ ‘ಅನೇಕ್ ಕನ್ನಡ’ ಫಾಂಟಿನಲ್ಲಿ ಸಣಕಲಿನಿಂದ ದಢೂತಿವರೆಗೆ ಬೇಕಾದ ಅಗಲ ಸಿಗುತ್ತದೆ, ಎಳೆಯುವ ಪಾಪ ಮಾಡಬೇಕಿಲ್ಲ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ‘ಅಕಾಯ ಕನಡಕ’ ನನಗೆ ತುಂಬಾ ಇಷ್ಟ. ಕೈಯ ಓಟ ಕಾಣುತ್ತದೆ. ಎಲ್ಲವೂ ಉಚಿತ, ಪರವಾನಗಿಯ ತಲೆನೋವಿಲ್ಲ. ಎಲ್ಲೆಲ್ಲಿಂದಲೋ ಇಳಿಸಿಕೊಂಡ ‘ಫ್ರೀ’ ಗಾಥಿಕ್ ಫಾಂಟಿನ ಒಳಗೆ ‘ಸ್ವಂತ ಬಳಕೆಗೆ ಮಾತ್ರ’ ಅಂತ ಬರೆದಿರುತ್ತದೆ, ಅದನ್ನು ಯಾರೂ ಓದುವುದಿಲ್ಲ.

ಆದರೆ ಕತ್ತಲು, ಕಲ್ಲು, ಗಡುಸು, ಇಂಥ ಭಾವದ ಕನ್ನಡ ಅಕ್ಷರ ಬೇಕು ಅಂದರೆ ಆಯ್ಕೆ ಈಗಲೂ ಕಡಿಮೆ. ಇಲ್ಲಿಗೆ 290ರ ಲೆಕ್ಕ ಬರುತ್ತದೆ. ಇಂಗ್ಲಿಷಿನಲ್ಲಿ ಇಪ್ಪತ್ತಾರು ಕ್ಯಾಪಿಟಲ್ ಬರೆದು, ಅಂಕಿ ಸೇರಿಸಿ, ಡಿಸ್‌ಪ್ಲೇ ಫಾಂಟ್ ಅಂತ ಮಾರಬಹುದು. ನಮಗೆ ಅಕ್ಷರ, ಗುಣಿತ, ಒತ್ತು ಎಲ್ಲ ಸೇರಿ ನೂರಾರು ರೂಪ ಬರೆಯಬೇಕು. ನಾವು ಇವತ್ತಿಗೂ ಗುಟೆನ್‌ಬರ್ಗನ ಕಾಲದ ಲೆಕ್ಕದಲ್ಲೇ ಇದ್ದೇವೆ!

ಆ ಪೋಸ್ಟರ್ ಏನಾಯಿತು ಅಂದರೆ, ಮತ್ತೆ ಮಾಡಿಕೊಟ್ಟೆ, ದುಡ್ಡು ತೆಗೆದುಕೊಳ್ಳದೆ. ಈ ಸಲ ಜರ್ಮನಿಗೆ ಹೋಗಲಿಲ್ಲ, ಶಿಕಾರಿಪುರದ ಕಡೆ ಹೋದೆ. ತಾಳಗುಂದದ ಕಂಬದ ಮೇಲಿನ ಕದಂಬರ ಕಾಲದ ಶಾಸನ ನೋಡಿದವರಿಗೆ ಗೊತ್ತು, ಅಲ್ಲಿ ಅಕ್ಷರದ ತಲೆಯ ಮೇಲೆ ಪುಟ್ಟ ಪೆಟ್ಟಿಗೆ ಇರುತ್ತದೆ. ಓದಿಗೆ ಅದರ ಅಗತ್ಯವೇ ಇಲ್ಲ. ಸುಮ್ನೆ ಗತ್ತಿಗೆ. ಹದಿನೈದು ನೂರು ವರ್ಷದ ಹಿಂದಿನ ಡಿಸ್‌ಪ್ಲೇ ಅಕ್ಷರ ಅನ್ನಿ. ಅಲಂಕಾರ ಎಲ್ಲ ತಲೆಯಲ್ಲಿ, ಬುಡ ಚೊಕ್ಕ.

ಅದನ್ನೇ ಹಿಡಿದು ‘ಬಂಡೆ’ ಬರೆಯಲು ಕೂತರೆ ಇನ್ನೊಂದು ತಾಪತ್ರಯ. ಖ, ಜ, ಲ ಥರ ಈಗಿನ ‘ಬ’ಕ್ಕೂ ತಲೆಕಟ್ಟೇ ಇಲ್ಲ. ಪೆಟ್ಟಿಗೆ ಇಡೋದೆಲ್ಲಿ? ಎರಡು ದಿನ ಒದ್ದಾಡಿ ಗೆರೆ ಶುರುವಾಗುವ ತುದಿಗೆ ಒಂದು ಇಟ್ಟೆ, ‘ಡೆ’ಯ ಏತ್ವದ ತುದಿಗೆ ಇನ್ನೊಂದು. ಉಳಿ ಪೆಟ್ಟು ಬಿದ್ದ ಹಾಗೆ ಅಂಚು ಸ್ವಲ್ಪ ಒರಟು ಮಾಡಿದೆ. ಹುಡುಗರಿಗೆ ಮುಳ್ಳು ಇಲ್ಲವಲ್ಲ ಅಂತ ಸ್ವಲ್ಪ ಬೇಜಾರಾಯಿತು. ಆದರೆ ಯಾರೂ ‘ಭಂಡೆ’ ಅನ್ನಲಿಲ್ಲ.

ಈಗಲೂ ಅದನ್ನು ನೋಡಿದವರು “ಸರ್, ಫಾಂಟ್ ಯಾವುದು, ಲಿಂಕ್ ಕೊಡಿ” ಅಂತಾರೆ. ಫಾಂಟ್ ಅಲ್ಲ ಸ್ವಾಮಿ, ಎರಡೇ ಅಕ್ಷರ ಇರೋದು. ಅದರಲ್ಲಿ ಬಡ, ಡಬ, ಡಬಡಬ ಬಿಟ್ಟರೆ ಇನ್ನೇನೂ ಬರೆಯಲಿಕ್ಕೆ ಆಗಲ್ಲ. ಉಳಿದದ್ದನ್ನು ಬಿಡುವಾದಾಗ ಬರೆಯುತ್ತಿದ್ದೇನೆ. ಸದ್ಯಕ್ಕೆ ‘ಕ’ದ ತಲೆ ಇನ್ನೂ ಸರಿಹೋಗಿಲ್ಲ.