ಮನೆತನದ ದಾನ ಈಗ ಯಾರ ಕೈಯಲ್ಲಿದೆ?

ಗುರುತಿಲ್ಲದ ರೋಗಿಯ ಚಿಕಿತ್ಸೆಗೆ ಸಹಾಯ ಕೇಳಿ ಫೋನಿಗೆ ಬಂದ ಲಿಂಕ್ ಒತ್ತಿ ಇನ್ನೂರು ರೂಪಾಯಿ ಕಳಿಸಿದರೆ ಅದೂ ಒಂದು ದಾನವೇ ಎಂದು ಕೇಳುವ ಹಿರಿಯರು ನಮ್ಮ ಗದಗಿನಲ್ಲಿ ಬಹಳ ಮಂದಿ ಇದ್ದಾರೆ. ದಾನವೇ ಅನ್ನುವುದು ನನ್ನ ಉತ್ತರ. ನಮ್ಮಂಥ ವ್ಯಾಪಾರಸ್ಥ ಮನೆತನಗಳಲ್ಲಿ ಇಷ್ಟು ವರ್ಷ ಒಬ್ಬಿಬ್ಬರು ಗಂಡಸರ ಮಾತಿನ ಮೇಲೆ ನಡೆಯುತ್ತಿದ್ದ ಕೆಲಸ ಇವತ್ತು ಸೊಸೆಯಂದಿರ, ಓದುವ ಹುಡುಗರ ಕೈಗೂ ಬಂದಿದೆ. ಇದು ಬಹಳ ಒಳ್ಳೆಯದಾಯಿತು.

ನಮ್ಮದು ಎಪಿಎಂಸಿಯಲ್ಲಿ ದಲಾಲಿ ಅಂಗಡಿ. ಹತ್ತಿ, ಹೆಸರು, ಶೇಂಗಾ. ಅಜ್ಜನ ಕಾಲದ ಖಾತೆ ಪುಸ್ತಕದಲ್ಲಿ ಧರ್ಮಾದಾಯ ಅಂತ ಬೇರೆಯೇ ಒಂದು ಪುಟ. ವ್ಯಾಪಾರದ ಮೇಲೆ ಇಷ್ಟು ಪೈಸೆ ಎಂದು ಎತ್ತಿಟ್ಟು, ದೀಪಾವಳಿಯ ಲೆಕ್ಕದ ಹೊತ್ತಿಗೆ ಕೂಡಿದ್ದನ್ನು ಮಠದ ದಾಸೋಹಕ್ಕೆ, ಹಳ್ಳಿಯ ಹುಡುಗರು ಉಂಡು ಓದುವ ಪ್ರಸಾದ ನಿಲಯಕ್ಕೆ, ಜಾತ್ರೆಗೆ ಹಂಚುತ್ತಿದ್ದರು. ಯಾರಿಗೆ ಎಷ್ಟು ಅನ್ನುವುದನ್ನು ಅಜ್ಜ ಹೇಳುತ್ತಿದ್ದರು, ಅವರ ನಂತರ ದೊಡ್ಡಪ್ಪ. ಅವ್ವನನ್ನಾಗಲಿ ಚಿಗವ್ವನನ್ನಾಗಲಿ ಒಂದು ಮಾತು ಕೇಳಿದವರಿಲ್ಲ. ಶಾಲೆಗೆ ಕೊಠಡಿ ಕಟ್ಟಿಸಿಕೊಟ್ಟರೆ ಗೋಡೆಯ ಕಲ್ಲಿನ ಮೇಲೂ ಗಂಡಸರ ಹೆಸರೇ. ಇದೇ ಜಿಲ್ಲೆಯ ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿ ದಾನಚಿಂತಾಮಣಿ ಎನಿಸಿಕೊಂಡವಳು ಅತ್ತಿಮಬ್ಬೆ. ಅಂಥ ನೆಲದಲ್ಲಿ ಹೆಣ್ಣುಮಕ್ಕಳು ಕೊಡುವ ಹಕ್ಕಿಗೆ ಇಷ್ಟು ಕಾಯಬೇಕಾಯಿತು.

ಹೋದ ವರ್ಷ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ಲಿಂಕ್ ಬಂತು. ರೋಣದ ಕಡೆಯ ಹುಡುಗ, ಕಿಡ್ನಿ ಕಾಯಿಲೆ. ‘ಗುರುತು ಪರಿಚಯ ಇಲ್ಲದಾವ್ರಿಗೆ ಯಾಕ ರೊಕ್ಕ ಹಾಕ್ತೀರಿ?’ ಅಂತ ಕಾಕಾ ಬರೆದರು. ಅರ್ಧ ತಾಸಿನ ಮೇಲೆ ವೈನಿಯ ಉತ್ತರ: ‘ಮಾವಾರ, ದವಾಖಾನಿಗೆ ಫೋನ್ ಹಚ್ಚಿ ಕೇಳೇನ್ರಿ. ಹುಡುಗ ಅಲ್ಲೇ ಅಡ್ಮಿಟ್ ಅದಾನ. ಎಸ್ಟಿಮೇಟ್ ಬರಾಬರ್ ಐತಿ. ರೊಕ್ಕ ಸೀದಾ ದವಾಖಾನಿ ಖಾತೆಕ್ಕ ಹೋಗ್ತಾವ್ರಿ. ನಾ ಐನೂರು ಹಾಕೇನ್ರಿ.’ ಸ್ವಲ್ಪ ಹೊತ್ತು ಗ್ರೂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಕಾಕಾನೇ, ‘ಹಂಗಾದ್ರ ನಂದೂ ಸಾವಿರ ಹಾಕವಾ’ ಅಂದರು. ಬೆಂಗಳೂರಿನ ತಮ್ಮ, ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದ ಅಣ್ಣನ ಮಗಳು, ಎಲ್ಲರೂ ಕೈಲಾದಷ್ಟು ಹಾಕಿದರು. ಮನೆತನದ ಹೆಸರು ಎಲ್ಲಿಯೂ ಬರಲಿಲ್ಲ, ಅದನ್ನು ಯಾರೂ ಕೇಳಲೂ ಇಲ್ಲ. ವೈನಿ ಮಾಡಿದ ಆ ವಿಚಾರಣೆಯನ್ನು ನಮ್ಮ ಧರ್ಮಾದಾಯದ ಪುಟದ ಮೇಲೆ ಯಾರೂ ಯಾವತ್ತೂ ಮಾಡಿರಲಿಕ್ಕಿಲ್ಲ. ಮುಖ ನೋಡಿ ಕೊಡುತ್ತಿದ್ದೆವು, ಸಂಬಂಧ ನೋಡಿ ಕೊಡುತ್ತಿದ್ದೆವು.

ಸಣ್ಣ ಕಾಣಿಕೆಗೆ ಬೆಲೆಯಿಲ್ಲ ಅನ್ನುವವರು 2021ರಲ್ಲಿ ಹೈದರಾಬಾದಿನ ಒಂದು ಕೂಸಿಗೆ ಆದದ್ದನ್ನು ನೋಡಬೇಕು. ಎಸ್‌ಎಂಎ ಎಂಬ ಸ್ನಾಯು ಸೊರಗುವ ಕಾಯಿಲೆಗೆ ಝೋಲ್ಗೆನ್‌ಸ್ಮಾ ಅನ್ನುವ ಮದ್ದು, ಒಂದೇ ಡೋಸಿಗೆ 16 ಕೋಟಿ ರೂಪಾಯಿ. 60,000ಕ್ಕೂ ಹೆಚ್ಚು ಜನ ಸೇರಿ ಅದನ್ನು ಕೊಡಿಸಿದರು. ಇನ್ನು ನಮ್ಮ ಊರಿನದೇ ನೋಡಿ. ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಕೊಟ್ಟು ಬೆಳೆಸಿದ್ದು ಯಾವುದೋ ಒಬ್ಬ ಸಾಹುಕಾರನ ಗಂಟಲ್ಲ. ನಾಟಕ ಕಂಪನಿಯ ಟಿಕೆಟ್ ಹಣ, ಊರೂರಿನಲ್ಲಿ ಭಕ್ತರು ಪುಟ್ಟರಾಜ ಗವಾಯಿಗಳಿಗೆ ಮಾಡಿದ ತುಲಾಭಾರ. ತಕ್ಕಡಿಯಲ್ಲಿ ಬಿದ್ದದ್ದು ಯಾರ ನಾಣ್ಯ ಎಂದು ಯಾರೂ ಬರೆದಿಟ್ಟಿಲ್ಲ.

ಆದರೆ ಈ ಲಿಂಕಿನ ದಾನದಲ್ಲಿ ನನಗೆ ಸಂಕಟವಾಗುವ ಸಂಗತಿಗಳೂ ಇವೆ. ಮೂಗಿಗೆ ನಳಿಕೆ ಹಾಕಿದ ಮಗುವಿನ ಫೋಟೋ ಹಾಕದಿದ್ದರೆ ಹಣ ಬರುವುದಿಲ್ಲ ಅನ್ನುವ ಸ್ಥಿತಿ ಬಂದಿದೆ. ದಾಸೋಹದ ಪಂಕ್ತಿಯಲ್ಲಿ ಉಂಡವನ ಫೋಟೋ ನಮ್ಮ ಹಿರಿಯರು ಯಾವತ್ತೂ ಕೇಳಲಿಲ್ಲ. ಅದಕ್ಕಿಂತ ದೊಡ್ಡದೆಂದರೆ, ಲಿಂಕ್ ಹರಿದಾಡುವುದು ಪರಿಚಯ ಇದ್ದಷ್ಟು ದೂರ. ಮಗ ಸಾಫ್ಟ್‌ವೇರಿನಲ್ಲಿದ್ದರೆ ಎರಡು ದಿನಕ್ಕೆ ನೂರಾರು ಜನಕ್ಕೆ ಮುಟ್ಟುತ್ತದೆ. ಶಿರಹಟ್ಟಿ ಕಡೆಯ ಕೂಲಿಯವನ ಮಗಳಿಗೆ ಅದೇ ಕಾಯಿಲೆ ಬಂದರೆ? ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಡುವವರು ಯಾರು? ಸಹಾಯ ಯಾರಿಗೆ ಹೆಚ್ಚು ಬೇಕೋ ಅವರ ಲಿಂಕೇ ಮುಂದಕ್ಕೆ ಹೋಗುವುದಿಲ್ಲ.

ಮತ್ತೆ, ಪ್ರಸಾದ ನಿಲಯದ ಜೋಳ, ಬೇಳೆ, ಗ್ಯಾಸ್ ಸಿಲಿಂಡರಿಗೆ ಯಾರ ಕಣ್ಣಲ್ಲೂ ನೀರು ಬರುವುದಿಲ್ಲ. ಅದಕ್ಕೆ ವೈರಲ್ ಆಗುವ ಕಥೆಯೂ ಇಲ್ಲ. ಧರ್ಮಾದಾಯದ ಪುಟದಲ್ಲಿ ಎಷ್ಟೇ ಊನ ಇದ್ದರೂ ಅದು ವರ್ಷಾ ತಪ್ಪದೆ ಮುಟ್ಟುತ್ತಿತ್ತು. ಹಳ್ಳಿಯಿಂದ ಬಂದು ಅಲ್ಲಿ ಉಂಡು ಓದಿದ ಹುಡುಗರು ಇವತ್ತು ಮಾಸ್ತರರಾಗಿದ್ದಾರೆ, ಡಾಕ್ಟರರಾಗಿದ್ದಾರೆ. ಹೊಸಬರು ಬಿಟ್ಟುಕೊಡಬಾರದ್ದು ಈ ತಪ್ಪದ ರೂಢಿಯನ್ನು.

ಹಾಗಾಗಿ ನಮ್ಮ ಮನೆಯಲ್ಲಿ ಎರಡನ್ನೂ ಕೂಡಿಸಿದ್ದೇವೆ. ದುಡಿಯುವ ಪ್ರತಿಯೊಬ್ಬರೂ ಯುಪಿಐ ಆಟೋಪೇ ಹಚ್ಚಿ ತಿಂಗಳಿಗೆ ತಮಗೆ ತಿಳಿದಷ್ಟು ಒಂದು ಪ್ರಸಾದ ನಿಲಯಕ್ಕೆ ಕಳಿಸುತ್ತೇವೆ. ಕೆಲವರದು ನೂರು ರೂಪಾಯಿ. ಲಿಂಕ್ ಬಂದರೆ ವೈನಿ ವಿಚಾರಿಸಿ ಹೇಳುವ ತನಕ ಯಾರೂ ಹಾಕುವುದಿಲ್ಲ. ಲಿಂಕ್ ನಡೆಸುವ ಕೆಲವು ವೇದಿಕೆಗಳಲ್ಲಿ ಮೊತ್ತದ ಜೊತೆ ಅವರಿಗೇ ಸೇರುವ ಟಿಪ್ ಮೊದಲೇ ಸೇರಿಕೊಂಡಿರುತ್ತದೆ, ಕಳಿಸುವ ಮುಂಚೆ ಅದನ್ನು ನೋಡಿಕೊಳ್ಳಿ. ತೆರಿಗೆ ವಿನಾಯಿತಿ ಬೇಕಾದವರಿಗೆ ಒಂದು ಮಾತು: 80ಜಿ ಎಂದು ಕರೆಯುವ ಆ ವಿನಾಯಿತಿ ಸಿಗುವುದು ನೋಂದಾಯಿತ ಸಂಸ್ಥೆಗೆ ಕೊಟ್ಟರೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, ಒಬ್ಬ ರೋಗಿಯ ಖಾತೆಗೆ ಹಾಕಿದ್ದಕ್ಕೆ ಇಲ್ಲ. ನಗದಾದರೆ 2,000 ರೂಪಾಯಿ ದಾಟಬಾರದು.

ದೊಡ್ಡಪ್ಪನಿಗೆ ಇವತ್ತಿಗೂ ಫೋನಿನ ದಾನ ಅಷ್ಟು ರುಚಿಸಿಲ್ಲ. ಆದರೆ ಯಾವ ನಿಲಯದಲ್ಲಿ ಲೆಕ್ಕ ಚೊಕ್ಕ, ಎಲ್ಲಿ ಮಕ್ಕಳಿಗೆ ಹೊಟ್ಟೆ ತುಂಬ ಹಾಕುತ್ತಾರೆ ಅನ್ನುವುದು ಅವರಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿಲ್ಲ. ಅವರನ್ನು ಕೇಳಿಯೇ ಹೆಸರು ಆರಿಸಿದ್ದು.

ಗದಗ, ರೋಣ, ಶಿರಹಟ್ಟಿ, ಮುಂಡರಗಿ ಕಡೆ ದವಾಖಾನೆಯ ಖರ್ಚಿಗೆ ಮನವಿ ಬರೆಯಲು, ಕಾಗದಪತ್ರ ಹೊಂದಿಸಲು ಯಾರೂ ಇಲ್ಲದವರು ನಿಮಗೆ ಗೊತ್ತಿದ್ದರೆ ನನಗೆ ಮೆಸೇಜ್ ಮಾಡಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನಾನು, ತಮ್ಮ ಕೂಡಿ ಬರೆದುಕೊಡುತ್ತೇವೆ. ಮಗುವಿನ ಮುಖ ಮಾತ್ರ ಹಾಕುವುದಿಲ್ಲ. ದವಾಖಾನೆಯ ಪತ್ರ ಹಾಕುತ್ತೇವೆ.