ಅರೇಬಿಕಾನಾ, ರೊಬಸ್ಟಾನಾ?

ಕೊಡಗಿನ ಮೂರ್ನಾಡು ರಸ್ತೆಯ ಬದಿಯಲ್ಲಿ ಮಡಚುವ ಸ್ಟೂಲ್ ಹಾಕಿಕೊಂಡು ಒಂದು ಕಾಫಿ ತೋಟದ ಚಿತ್ರ ಬರೆಯುತ್ತಿದ್ದೆ. ನನ್ನ ಲೆಕ್ಕದಲ್ಲಿ ಚೆನ್ನಾಗಿಯೇ ಬಂದಿತ್ತು. ಬೆನ್ನ ಹಿಂದೆ ಯಾರೋ ಬಂದು ನಿಂತರು. ಹಾಗೆ ಯಾರಾದರೂ ನಿಂತರೆ ನಾನು ತಿರುಗಿ ನೋಡುವುದಿಲ್ಲ. ಹೊಗಳಲಿ ಅಂತ ಸುಮ್ನೆ ಕಾಯುತ್ತೇನೆ. ಐದು ನಿಮಿಷ ಆದ ಮೇಲೆ ಮಾತು ಬಂತು.

"ಇದು ಅರೇಬಿಕಾನಾ, ರೊಬಸ್ಟಾನಾ ಸಾರ್?"

ಗಿಡ ಎದುರಿಗೇ ಇತ್ತು. ಒಂದೂವರೆ ಗಂಟೆಯಿಂದ ಅದನ್ನೇ ನೋಡುತ್ತಿದ್ದೆ. ಆದರೂ ಅದು ಯಾವ ಜಾತಿಯ ಕಾಫಿ ಅಂತ ನನಗೆ ಗೊತ್ತಿರಲಿಲ್ಲ. "ಕಾಫಿ" ಅಂದೆ. ಅವರು ನಕ್ಕರು. ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದು ನಿವೃತ್ತರಾದವರಂತೆ. ಅಲ್ಲೇ ಕೆಳಗೆ ಎರಡು ಎಕರೆ ಸ್ವಂತ ತೋಟ ಇದೆಯಂತೆ. ಒಂದು ಎಲೆ ಕಿತ್ತು ನನ್ನ ಕೈಗೆ ಕೊಟ್ಟರು. "ಅಗಲ ಇದೆ, ನೆರಿಗೆ ನೆರಿಗೆ ಇದೆ, ಬಣ್ಣ ಸ್ವಲ್ಪ ತಿಳಿ. ರೊಬಸ್ಟಾ. ಅರೇಬಿಕಾ ಎಲೆ ಸಣ್ಣದು, ಕಡು ಹಸಿರು, ಎಣ್ಣೆ ಹಚ್ಚಿದ ಹಾಗೆ ಹೊಳೀತದೆ." ಆಮೇಲೆ ಚಿತ್ರದ ಕಡೆ ಬೆರಳು ತೋರಿಸಿ, "ನೀವು ಬರೆದಿರೋದು ಎರಡೂ ಅಲ್ಲ" ಅಂದರು.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಹತ್ತಿದ ಹುಚ್ಚು ಇದು. ಮನೆಯೊಳಗೆ ಕೂತು ಬರೆಯಬಹುದಿತ್ತು. ಫೋಟೋ ತೆಗೆದುಕೊಂಡು ಬಂದು ಫ್ಯಾನಿನ ಕೆಳಗೆ ಬರೀರಿ ಅಂತ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ನಾನೂ ಹಾಗೆ ಮಾಡಿ ನೋಡಿದ್ದೇನೆ. ಮೊಬೈಲಿನ ಫೋಟೋದಲ್ಲಿ ಕಾಫಿ ಗಿಡದ ಬುಡದ ನೆರಳು ಬರೀ ಕಪ್ಪು. ಅಲ್ಲೇ ಹೋಗಿ ಕೂತು ನೋಡಿದರೆ ಅದೇ ನೆರಳಿನಲ್ಲಿ ನೇರಳೆ ಇದೆ, ಕಂದು ಇದೆ, ತರಗೆಲೆಯ ಮೇಲೆ ಬಿದ್ದ ಬಿಸಿಲಿನ ಚೂರು ಇದೆ. ಕಣ್ಣು ನಿಧಾನ. ಅದಕ್ಕೆ ಅರ್ಧ ಗಂಟೆ ಕೊಟ್ಟರೆ ಕತ್ತಲಲ್ಲೂ ಏನಾದರೂ ಹುಡುಕಿಕೊಂಡು ಬರುತ್ತದೆ.

ಹೀಗೆ ಬಯಲಲ್ಲಿ ಕೂತು ಬಣ್ಣ ಹಚ್ಚುವುದಕ್ಕೆ ಮೊದಲೆಲ್ಲ ಬಲು ಪಾಡಿತ್ತು. ಎಣ್ಣೆ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ತುಂಬಿ, ಕಟ್ಟಿ ಇಡುತ್ತಿದ್ದರು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ಹಿಂಡುವ ತಗಡಿನ ಟ್ಯೂಬ್ ಕಂಡುಹಿಡಿದ. ಟೂತ್‌ಪೇಸ್ಟಿಗಿಂತ ಮೊದಲು ಟ್ಯೂಬಿಗೆ ಹೋದದ್ದು ಬಣ್ಣ. ಅಲ್ಲಿಂದ ಚಿತ್ರಕಾರರು ಧಾರಾಳವಾಗಿ ಹೊಲ, ಹೊಳೆದಂಡೆ ಅಂತ ಹೊರಟರು. ನಮ್ಮಲ್ಲೂ ಅಂಥವರಿದ್ದರು. ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನಲ್ಲಿ ಹೂಬಿಟ್ಟ ಮರಗಳ ಎದುರಿಗೇ ಕ್ಯಾನ್ವಾಸ್ ಇಟ್ಟುಕೊಂಡು ಬರೆಯುತ್ತಿದ್ದರು.

ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ 1890ರ ಆಸುಪಾಸಿನಲ್ಲಿ ಹುಲ್ಲಿನ ಬಣವೆಗಳನ್ನು ಮತ್ತೆ ಮತ್ತೆ ಬರೆದ. ಬೆಳಕು ಬದಲಾದ ಹಾಗೆ ಕ್ಯಾನ್ವಾಸ್ ಬದಲಾಯಿಸುತ್ತಿದ್ದ. ಅವನಿಗೇನು, ಬಣವೆ ಅಲ್ಲೇ ಇರುತ್ತಿತ್ತಲ್ಲ. ಮಡಿಕೇರಿಯಲ್ಲಿ ಎದುರಿಗಿದ್ದ ಬೆಟ್ಟವೇ ಎದ್ದು ಹೋಗುತ್ತದೆ. ರಾಜಾಸೀಟಿನಲ್ಲಿ ಒಂದು ಸಂಜೆ ಬೆಟ್ಟದ ಐದು ಸಾಲು ಎಣಿಸಿಕೊಂಡು ಕೂತೆ. ತೀರಾ ದೂರದ್ದು ತೆಳು ನೀಲಿ, ಹತ್ತಿರ ಬಂದ ಹಾಗೆ ಗಾಢ. ಜಲವರ್ಣದಲ್ಲಿ ದೂರದ್ದನ್ನು ಮೊದಲು ಬರೆಯಬೇಕು, ಅದು ಒಣಗಿದ ಮೇಲೆ ಮುಂದಿನದು. ಮೊದಲ ಸಾಲು ಒಣಗುವಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದು ಮೂರು ಸಾಲು ನುಂಗಿತು. ಆಮೇಲೆ ಉಳಿದದ್ದನ್ನೂ ನುಂಗಿತು. ಪಕ್ಕದಲ್ಲಿದ್ದ ಪ್ರವಾಸಿಗಳು ಬಂದದ್ದು ದಂಡವಾಯಿತು ಅಂತ ಗೊಣಗುತ್ತಾ ಹೊರಟರು. ನಾನು ಮಾತ್ರ ಖಾಲಿ ಬಿಳಿ ಕಾಗದ ಹಿಡಿದುಕೊಂಡು, ಇದನ್ನೇ ಚಿತ್ರ ಅಂತ ಕರೆದರೆ ಹೇಗೆ ಅಂತ ಯೋಚಿಸುತ್ತಾ ಕೂತೆ.

ಮಳೆಗಾಲದ ಕಥೆ ಹೇಳುವುದೇ ಬೇಡ. ಜುಲೈಯಲ್ಲಿ ಕಾಗದ ಒಣಗುವುದಿಲ್ಲ. ಬಣ್ಣದ ಡಬ್ಬಿಯಲ್ಲಿ ಬೂಷ್ಟು ಬೆಳೆಯುತ್ತದೆ. ಒಮ್ಮೆ ಡಬ್ಬಿ ತೆಗೆದು ನೋಡಿದರೆ ಹಳದಿಯ ಮೇಲೆ ಬೂದು ಬಣ್ಣದ ತುಪ್ಪಳ. ವ್ಯಾನ್ ಗಾಗ್ 1889ರಲ್ಲಿ ಬರೆದ ಆಲಿವ್ ಮರಗಳ ಚಿತ್ರವೊಂದರ ಬಣ್ಣದಲ್ಲಿ ಒಂದು ಮಿಡತೆ ಸಿಕ್ಕಿಕೊಂಡಿದ್ದು 2017ರಲ್ಲಿ ಪತ್ತೆಯಾಯಿತು. ನೂರಾರು ವರ್ಷ ಆದ ಮೇಲೆ ನನ್ನ ಚಿತ್ರಗಳನ್ನು ಯಾರಾದರೂ ಪರೀಕ್ಷೆ ಮಾಡಿದರೆ ಜಿಗಣೆಯ ರಕ್ತ ಸಿಗುತ್ತದೆ. ಜಿಗಣೆಯದಲ್ಲ, ಅದು ಕುಡಿದ ನನ್ನದೇ ರಕ್ತ.

ಪೇಟೆಯ ಚಿತ್ರದ ಕಷ್ಟ ಬೇರೆ. ಓಂಕಾರೇಶ್ವರ ದೇವಸ್ಥಾನ ಸುಲಭ, ಯಾಕೆಂದರೆ ಅದು ಅಲ್ಲಾಡುವುದಿಲ್ಲ. 1820ರಲ್ಲಿ ಕೊಡಗಿನ ಅರಸ ಲಿಂಗರಾಜ ಕಟ್ಟಿಸಿದ್ದು. ಗುಮ್ಮಟ ಬರೆದರೆ ಹೊರಊರಿನವರು ಮಸೀದಿಯಾ ಅಂತ ಕೇಳುತ್ತಾರೆ, ಕೆರೆಯನ್ನೂ ನಡುವಿನ ಮಂಟಪವನ್ನೂ ಸೇರಿಸಿದರೆ ಸುಮ್ಮನಾಗುತ್ತಾರೆ. ಆದರೆ ಶುಕ್ರವಾರದ ಸಂತೆ? ಅಲ್ಲಿ ಒಂದು ಮನುಷ್ಯನಿಗೆ ಮೂರು ಗೀರಿಗಿಂತ ಜಾಸ್ತಿ ಸಮಯ ಇಲ್ಲ. ತಲೆ ಬರೆದು ಕಾಲಿಗೆ ಬರುವಷ್ಟರಲ್ಲಿ ಆಸಾಮಿ ಬಸ್ಸಿನಲ್ಲಿರುತ್ತಾನೆ. ಹೋದ ಡಿಸೆಂಬರಿನಲ್ಲಿ ಕಿತ್ತಳೆ ರಾಶಿ ಹಾಕಿಕೊಂಡು ಕೂತಿದ್ದ ಒಬ್ಬ ಅಮ್ಮನನ್ನು ಬರೆಯತೊಡಗಿದೆ. ಹಸಿರು ಮಿಶ್ರಿತ ಹಳದಿ, ಬಿಗಿ ಸಿಪ್ಪೆ, ನಮ್ಮ ಕೊಡಗಿನ ಕಿತ್ತಳೆ. ಈಗೀಗ ಅದು ಕಾಣುವುದೇ ಕಡಿಮೆ. ನಾನು ಒಂದು ಹಣ್ಣಿಗೆ ಬಣ್ಣ ಹಚ್ಚಿದರೆ ಆಕೆ ನಾಲ್ಕು ಮಾರುತ್ತಿದ್ದರು. ರಾಶಿ ಇಳಿಯುತ್ತಾ ಬಂತು. ಕೊನೆಗೆ ಆಕೆಯೇ, "ಬೇಗ ಬರೀರಿ ಸಾರ್, ಇಲ್ಲಾಂದ್ರೆ ನೀವೇ ತಗೊಳ್ಳಿ" ಅಂದರು. ತಗೊಂಡೆ. ಚಿತ್ರ ಅರ್ಧಕ್ಕೇ ನಿಂತಿತು, ಹಣ್ಣು ಸಿಹಿ ಇತ್ತು.

ರೈಟರ್ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಎಲ್ಲದಕ್ಕೂ ಒಂದೇ ಹಸಿರು ಬಳಿಯುತ್ತಿದ್ದೆ ಅನ್ನುವುದು ಆಮೇಲೆ ತಿಳಿಯಿತು. ಸಿಲ್ವರ್ ಮರದ ಎಲೆ ಗಾಳಿಗೆ ಮಗುಚಿದರೆ ಬೆಳ್ಳಗೆ. ಅದಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ ಕಪ್ಪು ಹಸಿರು. ಹಾಲುವಾಣದ ಚಿಗುರು ಇನ್ನೊಂದು ಬಗೆ. ತೋಟದಲ್ಲಿ ಬೆಳೆದವರಿಗೆ ಇದೆಲ್ಲ ಸುಮ್ನೆ ಗೊತ್ತಿರುತ್ತದೆ, ಅಲ್ವಾ? ನಾನು ಇಲ್ಲೇ ಹುಟ್ಟಿದವನು, ಕೌಂಟರಿನ ಹಿಂದೆ ಬೆಳೆದೆ. ತೋಟ ಅಂದರೆ ನನಗೆ ಸಾಲದ ಕಡತ.

ಮಾರ್ಚಿನಲ್ಲಿ ಹೂಮಳೆ, ಕಾಫಿ ಮೊಗ್ಗು ಅರಳಿಸುವ ಮಳೆ, ಬಂತು. ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಯಿತು. ಮಲ್ಲಿಗೆಯಂಥ ವಾಸನೆ ಮೂರ್ನಾಡು ರಸ್ತೆಯ ತುಂಬಾ. ಕಾಫಿ ಹೂ ಎರಡು ಮೂರು ದಿನ ಮಾತ್ರ, ಹಾಗಾಗಿ ಬೆಳಗ್ಗೆಯೇ ಓಡಿದೆ. ಜಲವರ್ಣದಲ್ಲಿ ಬಿಳಿಗೆ ಬಣ್ಣ ಹಚ್ಚುವ ಹಾಗಿಲ್ಲ, ಕಾಗದವನ್ನೇ ಬಿಡಬೇಕು. ರೆಂಬೆಯ ಗೆಣ್ಣು ಗೆಣ್ಣಿಗೂ ಒಂದೊಂದು ಗೊಂಚಲಿನಷ್ಟು ಜಾಗ ಬಿಟ್ಟು, ಸುತ್ತ ಎಲೆ ಬರೆದೆ. ಅಗಲ ಎಲೆ, ನೆರಿಗೆ ಎಲೆ. ಅವತ್ತು ಮುಗಿಯಲಿಲ್ಲ. ಹಿಂದಿನ ಬೆಟ್ಟ, ಮರಗಳು ಬಾಕಿ ಉಳಿದವು.

ಮತ್ತೆ ಹೋಗಲು ಆಗಿದ್ದು ಒಂದು ವಾರ ಕಳೆದು. ಹೂವೆಲ್ಲ ಬಾಡಿ ಕಂದಾಗಿ ಗಿಡಕ್ಕೇ ಅಂಟಿಕೊಂಡಿತ್ತು. ರೈಟರ್ ಬಂದರು. ಎದುರಿನ ತೋಟ ನೋಡಲಿಲ್ಲ, ಮೇಲೆ ಮೋಡ ನೋಡಿದರು. ಹೂಮಳೆ ಆಗಿ ಮೂರು ವಾರದೊಳಗೆ ಇನ್ನೊಂದು ಮಳೆ ಬೀಳಬೇಕು, ಅದಕ್ಕೆ ಬ್ಯಾಕಿಂಗ್ ಮಳೆ ಅನ್ನುತ್ತಾರೆ. ಅದು ತಪ್ಪಿದರೆ ಕಚ್ಚಿದ ಪೀಚು ನಿಲ್ಲುವುದು ಕಷ್ಟ. ಸ್ಪ್ರಿಂಕ್ಲರ್ ಇರುವವರಿಗೆ ಚಿಂತೆ ಇಲ್ಲ. ಇವರ ಎರಡು ಎಕರೆಗೆ ಆಕಾಶವೇ ಗತಿ. ಆಮೇಲೆ ನನ್ನ ಕಾಗದದ ಕಡೆ ಬಗ್ಗಿದರು.

"ರೊಬಸ್ಟಾ" ಅಂದರು. ಕೇಳಿದ್ದಲ್ಲ, ಹೇಳಿದ್ದು. "ಹೂ ಚೆನ್ನಾಗಿ ಬಂದಿದೆ. ರೆಂಬೆ ಕಪಾತು ಮಾಡಿಸಿಲ್ಲ."

ಕುಂಚ ಕೆಳಗಿಟ್ಟು ಏನೋ ಹೇಳಬೇಕು ಅಂತಿದ್ದೆ. ಅಷ್ಟರಲ್ಲಿ ಗುಡುಗಿತು. ದಪ್ಪ ಹನಿ, ಒಂದು, ಎರಡು. ನಾನು ಗಡಿಬಿಡಿಯಲ್ಲಿ ಕೊಡೆ ಬಿಚ್ಚಿ ಚಿತ್ರದ ಮೇಲೆ ಹಿಡಿದೆ. ರೈಟರ್ ತಮ್ಮ ಕೊಡೆ ಬಿಚ್ಚದೆ ಅಂಗೈ ಚಾಚಿ ನಿಂತಿದ್ದರು.

"ಸರಿಸಿ ಸಾರ್ ಆ ಕೊಡೆ" ಅಂದರು. "ಅದಕ್ಕೂ ಸ್ವಲ್ಪ ಬೀಳಲಿ."